ಸುಮ್ಮ ಚೆಕ್ ಮಾಡ್ತಾಳ

ದಾನಮ್ಮ ಅದೇ ಆರ್ಡರನ್ನು ಮತ್ತೊಮ್ಮೆ ಕಳಿಸಿದಳು. ಸರ್ವರ್ ಮತ್ತೊಮ್ಮೆ ಒಪ್ಪಿಕೊಂಡಿತು. ಮೂರನೆಯ ಸಲವೂ. ನೇಕಾರನೊಬ್ಬನ ಹೆಸರಿನಲ್ಲಿ ಅವಳು ಕೇಳಿದ ನೂಲಿನ ಒಂದೇ ಮೂಟೆ, ಅಂಗಡಿಯದೆಂದು ಇಟ್ಟುಕೊಂಡ ಮನೆಯ ಕಂಪ್ಯೂಟರಿನಲ್ಲಿ ಮೂರಾಗಿ ಕೂತಿತ್ತು.

"ಇಲ್ನೋಡ್ರಿ, ನಿಮ್ಮ ಎಪಿಐ ಕೊಟ್ಟದ್ದೆಲ್ಲಾ ನುಂಗತೈತಿ."

ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ ಗಂಡ ರಾಜಕುಮಾರ ತಿರುಗಲಿಲ್ಲ. ಸಾಫ್ಟ್‌ವೇರ್ ಬರೆದವನು ಅವನು. ನೇಕಾರರ ಮೊಬೈಲಿನಿಂದ ಅಂಗಡಿಯ ಕಂಪ್ಯೂಟರಿಗೆ ಮಾತು ಒಯ್ಯುವ ಆ ಎಪಿಐ ಕೂಡ ಅವನದೇ. ಮಧ್ಯಾಹ್ನ ಬನಹಟ್ಟಿಯ ನೂಲಿನ ವ್ಯಾಪಾರಿ ಗಿರಿಮಲ್ಲಪ್ಪನಿಗೆ ತೋರಿಸಬೇಕು. ಆತ ಒಪ್ಪಿದರೆ ಗಂಡ ಹೆಂಡಿರ ಪುಟ್ಟ ಕಂಪನಿಗೆ ಮೊದಲ ಗಿರಾಕಿ.

"ಸ್ಕ್ರೀನ್ ಛಂದ ಕಾಣತೈತಿಲ್ಲ? ಒಂದ ಬಟನ್ ಯಾರ ಮೂರ ಸಲ ಒತ್ತತಾರ? ತಪ್ಪ ಹುಡುಕೂದ್ರಾಗ ನೀ ನಮ್ಮವ್ವನ್ನೂ ಮೀರಸ್ತಿ ಬಿಡ."

"ನಿಮ್ಮವ್ವ ಹುಡುಕಿದ ತಪ್ಪ ನಾ ಇನ್ನೂ ತಿದ್ದಿಕೊಂಡಿಲ್ರಿ. ನೀವರ ಇದನ್ನ ತಿದ್ರಿ."

ಗೊಣಗುತ್ತ ಕೂತು ತಿದ್ದಿದ. ಅವಳು ಖಾಲಿ ಆರ್ಡರು ಕಳಿಸಿದಳು, ನಡುವೆ ನೆಟ್ ಕಿತ್ತು ಕಳಿಸಿದಳು, ಕಳಿಸಿದ್ದನ್ನೇ ಕಳಿಸಿದಳು. ಊಟದ ಹೊತ್ತಿಗೆ ಸರ್ವರ್ ಬೇಡವೆನ್ನುವುದನ್ನು ಕಲಿತಿತ್ತು.

ಗಿರಿಮಲ್ಲಪ್ಪನ ಅಂಗಡಿಯ ಹಿಂದೆಯೇ ಪವರ್‌ಲೂಮುಗಳ ಸಾಲು. ಆ ಸದ್ದಿನಲ್ಲಿ ಯಾರೂ ಯಾವ ಮಾತನ್ನೂ ಒಂದೇ ಸಲ ಹೇಳಿ ಬಿಡುವುದಿಲ್ಲ. ಆತ ಮೊಬೈಲನ್ನೂ ಹಾಗೆಯೇ ಮಾತಾಡಿಸಿದ. ಒತ್ತಿದ; ಟಿಣ್ ಎಂದದ್ದು ಕೇಳಲಿಲ್ಲ. ಮತ್ತೆ ಒತ್ತಿದ, ಕಿವಿಗೆ ಹಿಡಿದ, ಹೆಬ್ಬೆರಳಿನಿಂದ ಕುಟ್ಟತೊಡಗಿದ. ರಾಜಕುಮಾರನ ಹಣೆ ಬೆವರಿತು. ಕಂಪ್ಯೂಟರಿನಲ್ಲಿ ಒಂದೇ ಆರ್ಡರು ನಿಂತಿತ್ತು.

"ಶಾಣ್ಯಾ ಅದೀಲೇ ರಾಜಾ! ಹಿಂದ ಒಬ್ಬಾಂವ ತಂದಿದ್ದು ಕುಟ್ಟಿದಷ್ಟೂ ನೂಲ ಕಳಸಾಕತ್ತಿತ್ತು. ಇದು ನಮಗ ಬೇಕ ನೋಡು." ಗಿರಿಮಲ್ಲಪ್ಪ ಚಹಾ ತರಿಸಿ, ಜೊತೆಗೆ ಬಂದಿದ್ದ ದಾನಮ್ಮನ ಕಡೆ ನೋಡಿದ. "ತಂಗಿ ಏನ ಮಾಡ್ತಾಳ?"

"ಏನಿಲ್ರೀ, ಆಕಿ ಸುಮ್ಮ ಚೆಕ್ ಮಾಡ್ತಾಳ."

ದಾನಮ್ಮ ಚಹಾದ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದಳು. ಆಗದೆ ಉಳಿದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ತಡೆದವಳು ಹೇಗೆ ಬಿದ್ದಾಳು?

ಬೈಕಿನಲ್ಲಿ ಮರಳುವಾಗ ರಾಜಕುಮಾರ ಹಾಡಿಕೊಳ್ಳುತ್ತಿದ್ದ. "ಒಂದರ ತಪ್ಪ ಬಂತೇನ? ಮುಂಜಾನಿ ಎಲ್ಲಾ ನಿನ್ನ ಟೆಸ್ಟಿಂಗಿಗೆ ಹಾಳಾತು. ಸೋಮವಾರ ಮಹಾಲಿಂಗಪುರದಾಗ ನಿಮ್ಮಪ್ಪನ ಬೆಲ್ಲದ ಅಂಗಡ್ಯಾಗ ಹರಾಜಿನ ಸಾಫ್ಟ್‌ವೇರ್ ತೋರಸೂದೈತಿ. ಅದನ್ನ ನೀ ಮುಟ್ಟಬ್ಯಾಡ. ನೇರ ತೋರಸ್ತೇನಿ."

ಅದನ್ನು ದಾನಮ್ಮ ನಿನ್ನೆಯೇ ಮುಟ್ಟಿದ್ದಳು. ಎಲ್ಲರಿಗಿಂತ ಕಡಿಮೆ ಬೆಲೆ ಕೂಗಿದವನಿಗೇ ಅದು ಬೆಲ್ಲ ಕೊಟ್ಟುಬಿಡುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದಳು. ಅಂಗಡಿಯಲ್ಲಿ ಅಳಿಯನ ಜಾಣತನ ನೋಡಲು ಸೇರುವ ಅಪ್ಪ, ಅಣ್ಣಂದಿರು, ಬಾಯಿಗೆ ಸೆರಗು ಹಿಡಿದು ನಗುವ ಅತ್ತಿಗೆಯರು ಕಣ್ಣ ಮುಂದೆ ಬಂದರು.

"ಆತ್ರಿ," ಎಂದಳು. ಗಂಡನ ಬೆನ್ನ ಹಿಂದೆ ಕೂತೇ, ಸೋಮವಾರ ಹೊಸ ನೀಲಿ ಸೀರೆ ಉಡುವುದೆಂದೂ ಅತ್ತಿಗೆಯರ ನಡುವೆಯೇ ಕೂರುವುದೆಂದೂ ನಿರ್ಧರಿಸಿದಳು.