ಹತ್ತಕ್ಕೆ ಹತ್ತು

ಸ್ಯಾನ್ ಡಿಯೇಗೊ ಶಾಖೆಯಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂಬುದರಲ್ಲಿ ಮಧುರಾಗೆ ಅನುಮಾನವೇ ಉಳಿದಿರಲಿಲ್ಲ. ಹೆಡ್ ಆಫೀಸು ತಿಂಗಳಿಗೊಮ್ಮೆ ಕಳಿಸುವ ಫಾರಂನ ‘ಕೆಲಸದಲ್ಲಿ ಎಷ್ಟು ಸಂತೋಷವಾಗಿದ್ದೀರಿ?’ ಎಂಬ ಪ್ರಶ್ನೆಗೆ ಅಲ್ಲಿನ ಎಂಟೂ ಜನ ಹತ್ತಕ್ಕೆ ಹತ್ತು ಕೊಟ್ಟಿದ್ದರು. ಎಲ್ಲ ಶಾಖೆಗಳಿಗೂ ಬರುವ ಅಂಕಪಟ್ಟಿಯಲ್ಲಿ ಸತತ ನಾಲ್ಕು ತಿಂಗಳು ಅದೇ ಇತ್ತು. ಟೂತ್‌ಪೇಸ್ಟ್ ಜಾಹೀರಾತಿನಲ್ಲೂ ಯಾರೂ ಅಷ್ಟು ನಗುವುದಿಲ್ಲ.

ಅದೇ ಪಬ್ಲಿಕ್ ರಿಲೇಶನ್ಸ್ ಕಂಪನಿಯ ಗ್ಲೆಂಡೇಲ್ ಶಾಖೆಗೆ ಮಧುರಾ ಮುಖ್ಯಸ್ಥೆ. ಅಲ್ಲಿಂದ ಹೋಗುತ್ತಿದ್ದ ಒಂಬತ್ತು ಫಾರಂಗಳಲ್ಲಿ ಮೂರು ದಾಟಿದ್ದು ಒಂದೂ ಇರಲಿಲ್ಲ. ಉಷಾಳ ಫಾರಂನಲ್ಲಿ, ‘ಇಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ.’ ಉಮಾಶಂಕರನದರಲ್ಲಿ, ‘ಲೋಕಕ್ಕೆಲ್ಲ ಒಳ್ಳೆಯ ಹೆಸರು ತಂದುಕೊಟ್ಟು, ಮನೆಗೆ ಹೋಗಿ ಗೋಡೆ ನೋಡುತ್ತ ಕೂರುತ್ತೇನೆ.’ ಯಾವುದು ಯಾರದೆಂದು ಹೆಸರು ನೋಡದೆಯೇ ಮಧುರಾ ಹೇಳಬಲ್ಲಳು. ಅವರ ದನಿ ಕಿವಿಯ ಹತ್ತಿರವೇ ಕೇಳಿಸಿದಂತಾಗುತ್ತಿತ್ತು. ಅಂಕ ತಿದ್ದಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿದ್ದರೂ ಮನಸ್ಸು ಒಪ್ಪಿರಲಿಲ್ಲ.

ಈಗ ಹೆಡ್ ಆಫೀಸಿನಿಂದ ಫ್ಯಾಕ್ಸ್ ಬಂದಿತ್ತು. ಈ ಎರಡು ಶಾಖೆಗಳಲ್ಲಿ ಸಂತೋಷ ಕಡಿಮೆಯಿರುವುದನ್ನು 1994ರ ಅಕ್ಟೋಬರ್ ಕೊನೆಗೆ ಮುಚ್ಚುತ್ತಾರಂತೆ. ಹನ್ನೊಂದು ವರ್ಷದ ಕೆಲಸ ಹೋಗುವುದಕ್ಕೆ ಇನ್ನು ಹತ್ತು ದಿನ. ಮಧುರಾ ಫೋನನ್ನು ಆನ್ಸರಿಂಗ್ ಮಷೀನಿಗೆ ಹಾಕಿ, ಆ ಸುಳ್ಳು ಹಿಡಿಯಲೆಂದು ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಸ್ಯಾನ್ ಡಿಯೇಗೊಗೆ ಬಂದಿದ್ದಳು.

ಬಾಗಿಲು ತೆರೆದವರು ಶಾಖೆಯ ಮುಖ್ಯಸ್ಥ ಕರುಣಾಕರ. ಮಂಗಳೂರಿನ ಕಡೆಯವರು, ಐವತ್ತು ದಾಟಿದವರು. ಒಳಗೆ ಎಂಟು ಮೇಜು. ಪ್ರತಿ ಕುರ್ಚಿಯ ಬೆನ್ನಿಗೆ ಒಂದು ಕೋಟು, ಪ್ರತಿ ಮೇಜಿನ ಮೇಲೆ ಒಂದು ಕಾಫಿ ಕಪ್ಪು. ಜನ ಮಾತ್ರ ಇಲ್ಲ.

“ಎಲ್ಲ ಮೀಟಿಂಗಿಗೆ ಹೋಗಿದ್ದಾರೆ,” ಎಂದರು.

“ಏಳೂ ಜನಾನಾ, ಸರ್?”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕರುಣಾಕರ ಎತ್ತಿ, ಒಂದು ನಿಮಿಷ, ಅವರಿಗೇ ಕೊಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾಲ್ಕು ಹೆಜ್ಜೆ ನಡೆದು ಪಕ್ಕದ ಮೇಜಿನ ಫೋನ್ ಎತ್ತಿಕೊಂಡರು. ಅಲ್ಲಿ ಬೇರೆಯೇ ದನಿಯಲ್ಲಿ ಮಾತಾಡಿದರು. ಆ ದನಿಗೆ ವಯಸ್ಸು ಇಪ್ಪತ್ತೈದಿರಬಹುದು.

ಮಧುರಾ ಹತ್ತಿರದ ಕಪ್ಪಿನೊಳಗೆ ಇಣುಕಿದಳು. ತಳದಲ್ಲಿ ಕಾಫಿ ಒಣಗಿ ಬಿರುಕು ಬಿಟ್ಟಿತ್ತು.

ಫೋನಿಟ್ಟ ಕರುಣಾಕರ ಅವಳ ಮುಖ ನೋಡಿ ಅಲ್ಲೇ ಕುಸಿದು ಕುಳಿತರು.

“ಜೂನಿನಲ್ಲಿ ಹೆಡ್ ಆಫೀಸಿನವರೇ ನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಕೆಲಸದಿಂದ ತೆಗೆದದ್ದು. ಹೆಸರು ಅಚ್ಚಾದ ಫಾರಂ ಮಾತ್ರ ಈಗಲೂ ಎಂಟು ಬರ್ತದೆ. ಎಂಟು ವಾಪಸ್ ಹೋಗದಿದ್ರೆ ಪುನಃ ಅಲ್ಲಿಂದ ಫೋನು. ಬೇರೆಯವರ ಹೆಸರಲ್ಲಿ ಹೇಳಿಕೆ ಬರೆಯುವುದೇ ನಮ್ಮ ಕೆಲಸ ಅಲ್ವಾ? ‘ಅಧ್ಯಕ್ಷರು ಹರ್ಷ ವ್ಯಕ್ತಪಡಿಸಿದರು’ ಅಂತ ದಿನಾ ಬರೆದವನಿಗೆ ಇದೆಂತ ಕಷ್ಟ ಮಾರಾಯ್ರೆ?”

ಮಧುರಾ ಸಿಟ್ಟು ಬಂದೀತೆಂದು ಕಾದಳು, ಬಂದದ್ದು ಅಳು.

“ಯಾರಿಗೂ ಹೇಳ್ಬೇಡಿ,” ಕರುಣಾಕರ ಕೈ ಮುಗಿದರು. “ನಿಮಗಾದ್ರೆ ಜಗಳ ಆಡ್ಲಿಕ್ಕಾದ್ರೂ ಅಲ್ಲಿ ಎಂಟು ಜನ ಇದ್ದಾರೆ.”

“ನಮ್ಮಲ್ಲೂ ಜೂನಲ್ಲೇ ತೆಗೆದ್ರು, ಸರ್. ಒಂಬತ್ತನ್ನೂ ನಾನೇ ಬರೀತೀನಿ. ಅವರಿದ್ದಿದ್ರೆ ಏನು ಬರೀತಿದ್ರೋ, ಅದನ್ನೇ.”