ದೊರೆಸಾನಿಯ ಕೈಗವಸು

ಮರುಳಸಿದ್ದಮ್ಮ ಎಳೆಯ ತುದಿ ಹಿಡಿದು ಜಗ್ಗಿದಳು. ಸರ್ರನೆ ಬಿಚ್ಚಿಕೊಂಡಿತು. ಎಂಟು ದಿನದ ಹೆಣಿಗೆ ಗಳಿಗೆಯಲ್ಲಿ ಮಡಿಲ ತುಂಬ ಕಂದು ಉಣ್ಣೆಯಾಗಿ ಬಿತ್ತು. ಇದು ನಾಲ್ಕನೆಯ ಸಲ.

"ಹೂವಿನ ಅಂಚು ಬ್ಯಾಡಂತ್ರಿ. ಸಾದಾ ಇರ್ಲಿ ಅಂದ್ರು," ಎಂದಳು ಬಾಗಿಲಲ್ಲಿ ನಿಂತಿದ್ದ ಉಚ್ಚೆಂಗಮ್ಮ.

"ಅಂಚಿನಿಂದನ ಶುರು ಮಾಡೂದು, ಅಂಚು ಬ್ಯಾಡಂದ್ರ ಪೂರಾ ಬಿಚ್ಚಬೇಕು. ಮೊದಲ ಹೇಳಾಕ ಏನಾಗಿತ್ತು?"

"ನನಗೇನ್ ಗೊತ್ರಿ ಅಮ್ಮಾರ. ದೊಡ್ಡೋರು ಅಂದದ್ದು ತಂದು ಹೇಳೂದಷ್ಟ ನನ್ನ ಕೆಲಸ."

ಉಚ್ಚೆಂಗಮ್ಮ ಬೆಳಗ್ಗೆ ರೈಲು ಸಾಹೇಬರ ಬಂಗಲೆಯಲ್ಲಿ ಪಾತ್ರೆ ತೊಳೆಯುವವಳು, ಮಧ್ಯಾಹ್ನ ಪೇಟೆಯೊಳಗೆ ಅಕ್ಕಿ ಗಿರಣಿಯವರದೂ ಸೇರಿ ನಾಲ್ಕು ಮನೆಯ ಅಂಗಳ ಗುಡಿಸುವವಳು. ಕಾರ್ತಿಕ ಮಾಸದಲ್ಲಿ ಒಂದು ದಿನ ಬಂಗಲೆಯ ದೊರೆಸಾನಿಯ ಹಳೆಯ ಕೈಗವಸೊಂದನ್ನು ಸೆರಗಿನಡಿ ತಂದಿದ್ದಳು. ಬೆರಳಿಲ್ಲದ್ದು, ಹೆಬ್ಬೆರಳಿಗೊಂದೇ ತೂತು, ಮೊಣಕೈ ಮುಟ್ಟುವಷ್ಟು ಉದ್ದ. ಜೊತೆಗೆ ಉಣ್ಣೆಯ ಉಂಡೆಗಳು, ಅಳತೆಗೆ ಗಂಟು ಹಾಕಿದ ದಾರ. ಇಂಥದ್ದೇ ಒಂದು ಜೊತೆ ಬೇಕು, ಚಳಿಗೆ ಕೈ ಹಿಡಿದುಕೊಳ್ಳುತ್ತವೆ, ಊರಲ್ಲಿ ಸುದ್ದಿಯಾಗಬಾರದು ಎಂದು ಹೇಳಿಕಳಿಸಿದ್ದರು.

ದಾರದ ಅಳತೆ ನೋಡಿ ಮರುಳಸಿದ್ದಮ್ಮ ನಕ್ಕಿದ್ದಳು. ಮಾದರಿಯ ಕೈಗವಸು ಕಬ್ಬಿನ ಜಲ್ಲೆಯಷ್ಟು ಸಣ್ಣ. ಅಳತೆಯ ತೋಳು ಅದರ ಎರಡರಷ್ಟು. ದೊರೆಸಾನಿ ಬೆಣ್ಣೆ ತಿಂದು ಉಬ್ಬಿರಬೇಕು ಅಂದುಕೊಂಡಳು. ಆಗ ನಗು ಬಂದಿತ್ತು. ಈಗ ಬರುತ್ತಿರಲಿಲ್ಲ. ಮೊದಲು ಬಿಗಿ ಎಂದು ವಾಪಸು ಬಂತು. ಮೊಣಕೈ ಮೇಲೆ ಇನ್ನೂ ನಾಲ್ಕು ಬೆರಳು ಬೇಕು ಎಂದು ಮತ್ತೆ ಬಂತು. ಮೂರನೆಯ ಸಲ ಮಣಿಕಟ್ಟು ಸಡಿಲ ಎಂಬ ದೂರು. ಹೆಣಿಗೆಯ ಸಂದಿನಲ್ಲೆಲ್ಲ ಬಿಳಿ ಪುಡಿ ಬೇರೆ. ಮುಖಕ್ಕೆ ಬಳಿದುಕೊಳ್ಳುವ ಪೌಡರನ್ನು ಈ ಹೆಂಗಸು ಮೊಣಕೈವರೆಗೂ ಬಳಿದುಕೊಳ್ಳುತ್ತಾಳೆಯೇ ಎಂದು ಗೊಣಗುತ್ತ ಅದನ್ನು ಕೊಡವಿದ್ದಳು. ಆನೆ ನಡೆದದ್ದೇ ದಾರಿ. ಬಿಚ್ಚಿ ಬಿಚ್ಚಿ ಉಣ್ಣೆ ಜುಂಗು ಎದ್ದಿತ್ತು, ಕ್ರೋಶಾ ಕಡ್ಡಿ ಒತ್ತಿ ತೋರುಬೆರಳು ಬಾತಿತ್ತು.

ಆದರೂ ಬಿಡುವಂತಿರಲಿಲ್ಲ. ಅವಳು ಒಪ್ಪಿದ್ದು ಮಜೂರಿಗಲ್ಲ. ಅವಳ ಪಡಸಾಲೆಯಲ್ಲಿ ಆರು ಹೆಣ್ಣುಮಕ್ಕಳು ಕ್ರೋಶಾ ಕಲಿಯುತ್ತಿದ್ದರು. ಅವರಲ್ಲಿ ತಾಯಕ್ಕ ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡವಳು. ಭಾವನ ಮನೆಯ ಕತ್ತಲೆ ಕೋಣೆಯಿಂದ ದಿನಕ್ಕೆ ಎರಡು ತಾಸು ಹೊರಗೆ ಬರಲು ಅವಳಿಗೆ ಇದ್ದ ನೆವ ಇದೊಂದೇ. ಅದನ್ನೇ ಮುಚ್ಚಿಸಲು ಅಕ್ಕಿ ಗಿರಣಿಯ ತೋಟಪ್ಪನವರು ಟೊಂಕ ಕಟ್ಟಿ ನಿಂತಿದ್ದರು. ಸಮಾಜದ ಹಿರಿಯರು. ಅವರ ಮಾತಿಗೆ ಎದುರು ಮಾತಿಲ್ಲ.

"ಅದು ಮಿಷನ್ನಿನವರ ಕಸುಬು," ಎಂದಿದ್ದರು ಅವರು ಕಟ್ಟೆಯ ಮೇಲೆ, ಎಲ್ಲರೂ ಕೇಳುವ ಹಾಗೆ. "ಇವತ್ತು ಕಡ್ಡಿ ಹಿಡೀತಾರ, ನಾಳೆ ಧರ್ಮ ಬಿಡ್ತಾರ. ದೊರೆಸಾನಿಯರು ತೊಡೂ ಅರಿವಿ ನಮ್ಮಂದಿ ಮನ್ಯಾಗ ಹುಟ್ಟಬಾರದು."

ಅದನ್ನು ತೀರ್ಮಾನಿಸಲು ಸೋಮವಾರ ಹಿರಿಯರು ಕೂಡುವುದಿತ್ತು. ತೋಟಪ್ಪನವರ ಬಾಯಿ ಮುಚ್ಚಿಸುವ ಗಂಡಸು ಹೊಸಪೇಟೆಯಲ್ಲಿ ಇರಲಿಲ್ಲ. ದೊರೆಸಾನಿ ಇದ್ದಳಲ್ಲ! ಅವಳ ಗಂಡ ಒಂದು ಮಾತು ಆಡಿದರೆ ಸಾಕು, ಗಿರಣಿಯ ಅಕ್ಕಿ ಮೂಟೆಗಳು ಸ್ಟೇಷನ್ನಿನಲ್ಲೇ ಕೂತುಬಿಡುತ್ತವೆ.

"ನಮ್ಮ ಸಾಲಿ ಸುದ್ದಿ ಹೇಳಿದ್ಯಾ?" ಎಂದು ಕೇಳಿದಳು ಮರುಳಸಿದ್ದಮ್ಮ, ಕಡ್ಡಿಗೆ ಮತ್ತೆ ಹೆಣಿಗೆಯ ಮೊದಲ ಕಣ್ಣು ಹಾಕುತ್ತ.

"ಹೇಳೀನ್ರಿ. ಈ ಕೈಗವಸು ಹೆಣದಾಕಿ ಸಾಲಿ ಮುಚ್ಚಾಕತ್ಯಾರ, ನೀವ ಉಳಿಸಬೇಕು ಅಂದೆ."

"ಏನಂದ್ರು?"

"ಏನೂ ಅನ್ಲಿಲ್ರಿ. ಅತ್ತಾಗ ಮುಖ ಮಾಡಿ ಕುಂತ್ರು."

ಶುಕ್ರವಾರ ಜೊತೆ ಮುಗಿಯಿತು. ಸಾದಾ ಅಂಚು, ಬಿಗಿ ಮಣಿಕಟ್ಟು, ಮೊಣಕೈ ಮೇಲೆ ನಾಲ್ಕು ಬೆರಳು. ಶನಿವಾರ ಉಚ್ಚೆಂಗಮ್ಮ ಎಡಗೈಯದನ್ನು ಹಿಡಿದು ಮತ್ತೆ ಬಂದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಸಿಟ್ಟಾಗಬ್ಯಾಡ್ರಿ ಅಮ್ಮಾರ. ಎಡ ಅಂಗೈ ಬಯಲು ಇರಬೇಕಂತ. ಬಲಗೈ ಹಂಗ ಇರ್ಲಿ ಅಂದ್ರು."

ಮರುಳಸಿದ್ದಮ್ಮ ಕಡ್ಡಿಯನ್ನು ಗೋಡೆಗೆ ಬೀಸಿ ಒಗೆದಳು. "ಎಡಗೈಯಾಗ ಏನ್ ಹಿಡೀತಾಳ ಆ ಮಹಾತಾಯಿ? ಚಾದ ಬಟ್ಟಲಾ? ಇಸ್ಪೀಟ್ ಎಲೀನಾ?"

ಉಚ್ಚೆಂಗಮ್ಮ ನೆಲ ನೋಡಿದಳು. "ಅದನ್ನ ನನ್ನ ಬಾಯಿಂದ ಕೇಳಬ್ಯಾಡ್ರಿ."

ತಾಯಕ್ಕ ಎದ್ದು ಹೋಗಿ ಕಡ್ಡಿ ಹುಡುಕಿ ತಂದಳು. ಅವಳ ಮುಖ ನೋಡಿದ ಮೇಲೆ ಮರುಳಸಿದ್ದಮ್ಮನಿಗೆ ಅಳು ಬಂತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ತನಗೆ ತಾನೇ ಹೇಳಿಕೊಂಡು ಐದನೆಯ ಸಲ ಬಿಚ್ಚಿದಳು. ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡದವರೆಗೆ ಅಂಗೈ ಬಿಟ್ಟು, ಹಿಂಗೈ ಮಾತ್ರ ಮುಚ್ಚುವ ಹಾಗೆ ಹೆಣೆದು ಭಾನುವಾರ ಮಧ್ಯಾಹ್ನ ಕಳಿಸಿದಳು.

ಬಂಗಲೆಯಿಂದ ಮಾತೇ ಬರಲಿಲ್ಲ. ಸಂಜೆಯವರೆಗೆ ಕಾದದ್ದೇ ಬಂತು.

ಸೋಮವಾರ ಹೊತ್ತು ಮೂಡುತ್ತಲೇ ಅವಳು ತಾಯಕ್ಕನನ್ನು ಕರೆದುಕೊಂಡು ತೋಟಪ್ಪನವರ ಮನೆಗೆ ಹೊರಟಳು. ಕಾಲು ಹಿಡಿಯುವುದೊಂದೇ ಉಳಿದಿತ್ತು. ದೊರೆಸಾನಿಯನ್ನು ನಂಬಿ ಎರಡು ತಿಂಗಳು ಮಣ್ಣುಪಾಲು ಮಾಡಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಪುಷ್ಯದ ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು.

"ಬರ್ರಿ, ಕುಂದ್ರಿ. ಪೂಜಿ ನಡದೈತಿ, ಈಗ ಮುಗೀತೈತಿ," ಎಂದರು ಅವರ ಹೆಂಡತಿ. ಬಿಲ್ವಪತ್ರೆಯ ಬುಟ್ಟಿ ಹಿಡಿದು ಅವರು ಒಳಕೋಣೆಯ ಬಾಗಿಲು ತಳ್ಳಿದರು. ದೀಪದ ಬೆಳಕಿನಲ್ಲಿ ತೋಟಪ್ಪನವರು ಹಣೆ ತುಂಬ ವಿಭೂತಿ ಬಳಿದು, ಶಾಲು ಹೊದ್ದು ಕಣ್ಣು ಮುಚ್ಚಿ ಕೂತಿದ್ದರು. ಎಡಗೈ ಮಾತ್ರ ಶಾಲಿನಿಂದ ಹೊರಗೆ ಚಾಚಿತ್ತು.

ಬಯಲು ಅಂಗೈ ಮೇಲೆ ಲಿಂಗವಿತ್ತು. ಅಲ್ಲಿಂದ ಮೊಣಕೈ ದಾಟಿ ನಾಲ್ಕು ಬೆರಳು ಮೇಲಿನವರೆಗೆ, ಅವಳು ಐದು ಸಲ ಬಿಚ್ಚಿ ಹೆಣೆದ ಕಂದು ಕೈಗವಸಿತ್ತು.