ಕಾಫಿ ಆರುವ ಮುನ್ನ

ಹೆಂಡತಿಗೆಂದು ಸೋಸಿದ ಕಾಫಿಯನ್ನು ಅಯ್ಯನವರು ಕೈಯಾರೆ ಒಯ್ದು ಚರ್ಚಿನ ಖಜಾಂಚಿಯ ಮುಂದಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮೂಗಿನ ಮುಂದೆಯೇ ಅದರ ಪರಿಮಳ ಹಾದುಹೋಯಿತು. ಬೆಳಗಿನಿಂದ ಇದು ಎರಡನೆಯ ಸಲ. ಮೊದಲಿನ ಕಪ್ಪು, ಗಾಯನ ತಂಡದ ಜಗಳವನ್ನು ಹೊತ್ತುಕೊಂಡು ಬಂದ ಆರ್ಗನ್ ನುಡಿಸುವ ಹೆಂಗಸಿನ ಪಾಲಾಗಿತ್ತು.

ಅಯ್ಯನವರು ಚರ್ಚಿನ ಸಭಾಪಾಲಕರು; ಸೋಮವಾರ ಅವರಿಗೆ ರಜೆ. ಹಾಗಂತ ಹೇಳಿಕೊಳ್ಳುವುದು, ಅಷ್ಟೇ. ಹಿಂದಿನ ದಿನ ಆರಾಧನೆ, ಒಂದು ಮಗುವಿನ ದೀಕ್ಷಾಸ್ನಾನ, ಆಸ್ಪತ್ರೆಯ ಭೇಟಿ ಎಲ್ಲ ಮುಗಿಸಿ ಬಂದ ಗಂಡ ಚಪ್ಪಲಿ ಬಿಡುವ ಮೊದಲೇ ಆಕೆ ಅಂದಿದ್ದಳು.

"ರೀ, ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕು."

"ನಾಳೆ ಕಾಫಿ ಕುಡೀತಾ ಮಾತಾಡೋಣ ಕಣೆ. ನಾನೇ ಮಾಡ್ಕೊಡ್ತೀನಿ."

ವಿಷಯ ಸಣ್ಣದಲ್ಲ. ಆಕೆ ಪಾಠ ಹೇಳುವ ಶಾಲೆಯವರು, ರಜೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಆಗ್ತೀರಾ ಎಂದು ಕೇಳಿದ್ದರು. ಇವತ್ತು ಮಧ್ಯಾಹ್ನದೊಳಗೆ ಉತ್ತರ ಕೊಡಬೇಕು. ಹೂಂ ಅಂದರೆ ಬೆಳಗಿನ ತಿಂಡಿ, ಹೆಣ್ಣುಮಕ್ಕಳ ಜಡೆ, ಅತ್ತೆಯ ಮಾತ್ರೆ ಎಲ್ಲವೂ ಅಯ್ಯನವರ ತಲೆಗೆ ಬರುತ್ತದೆ. ಅವರನ್ನು ಕೇಳದೆ ಹೂಂ ಅನ್ನಲು ಆಕೆಗೆ ಮನಸ್ಸಿಲ್ಲ. ಊಹೂಂ ಅನ್ನಲಂತೂ ಸುತರಾಂ ಮನಸ್ಸಿಲ್ಲ.

ಇನ್ನು ಅಯ್ಯನವರ ಕಾಫಿ. ಅವರ ಉಪದೇಶ ಒಂದೊಂದು ಭಾನುವಾರ ಸಪ್ಪೆಯಾದದ್ದುಂಟು, ಕಾಫಿ ಮಾತ್ರ ಎಂದೂ ಆಗಿಲ್ಲ. ಬೀಜವನ್ನು ಆಗಿಂದಾಗಲೇ ಕೈಯಲ್ಲಿ ತಿರುಗಿಸಿ ಪುಡಿ ಮಾಡಬೇಕು. ಕುದಿದ ನೀರಿನ ಆರ್ಭಟ ಇಳಿಯುವ ತನಕ ಕಾಯಬೇಕು. ಮೊದಲು ಪುಡಿ ನೆನೆಯುವಷ್ಟೇ ಸುರಿದು, ಅದು ಉಬ್ಬಿ ಉಸಿರು ಬಿಟ್ಟ ಮೇಲೆ ಉಳಿದದ್ದನ್ನು ಸಣ್ಣ ಧಾರೆಯಾಗಿ ಬಿಡಬೇಕು. ಕಪ್ಪಿಗೂ ಬಿಸಿನೀರಿನ ಸ್ನಾನ ಆಗಬೇಕು. ಇಷ್ಟೆಲ್ಲ ಉಪಚಾರ ಯಾರಿಗೆ? ಬಾಗಿಲ ಗಂಟೆ ಒತ್ತಿದವರಿಗೆ. ಅವರು ಎದ್ದುಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಹೆಂಡತಿಗೆ. ಬಟ್ಟೆ ಮಡಿಸುತ್ತ, ಸಭೆಯವರ ಫೋನಿಗೆ ಉತ್ತರ ಕೊಡುತ್ತ, ಆ ತಣ್ಣನೆಯ ಕಾಫಿಯನ್ನು ಆಕೆ ನೀರು ಕುಡಿದ ಹಾಗೆ ಗಟಗಟನೆ ಮುಗಿಸುತ್ತಿದ್ದಳು. ಅದಕ್ಕೆ ಬೇಜಾರೂ ಪಟ್ಟುಕೊಂಡವಳಲ್ಲ.

ಆದರೆ ಇವತ್ತು ಓದುವ ಕೋಣೆಯಿಂದ ಗಂಡನ ದನಿ ಕೇಳಿಸಿತು. ಖಜಾಂಚಿ ಚರ್ಚಿನ ಸೋರುವ ಛಾವಣಿಯ ಕಥೆ ಹೇಳುತ್ತಿದ್ದ.

"ಹೇಳಿ, ನಿಧಾನವಾಗಿ ಹೇಳಿ. ನನಗೇನೂ ಅವಸರ ಇಲ್ಲ."

ಆಕೆಗೆ ಮೈಯೆಲ್ಲ ಉರಿದುಹೋಯಿತು. ಊರಿನ ಛಾವಣಿಗೆಲ್ಲ ಇವರಿಗೆ ಬಿಡುವಿದೆ, ನನಗಿಲ್ಲ! ಖಜಾಂಚಿ ಹೊರಟ. ಅಯ್ಯನವರು "ಈಗ ನಿನ್ನದೇ, ಬಂದೆ ಬಂದೆ" ಎನ್ನುತ್ತ ಅಡುಗೆಮನೆ ಸೇರಿ ಮತ್ತೆ ಬೀಜ ಪುಡಿ ಮಾಡತೊಡಗಿದರು. ಅಷ್ಟರಲ್ಲಿ ಫೋನು ಬಂತು. ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ನೀರು ಸುರಿಯತೊಡಗಿದರು. ಆಕೆ ತಲೆಗೂದಲು ಸರಿಮಾಡಿಕೊಂಡಳು. ಹಿಂಬಾಗಿಲಿಂದ ಹೊರಬಿದ್ದು, ಮನೆಗೆ ಸುತ್ತು ಹಾಕಿ, ಮುಂಬಾಗಿಲ ಗಂಟೆ ಒತ್ತಿದಳು.

ಅತ್ತೆ ಬಾಗಿಲು ತೆರೆದರು. "ಇದೇನೇ ಇದು?"

"ಅಯ್ಯನವರನ್ನ ನೋಡ್ಬೇಕಿತ್ತು."

ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರೂ ಒಂದು ಕಾಲಕ್ಕೆ ಸಭಾಪಾಲಕರೊಬ್ಬರ ಹೆಂಡತಿಯಾಗಿದ್ದವರೇ. ಬಿಡಿಸಿ ಹೇಳಬೇಕಾಗಲಿಲ್ಲ.

"ಒಳಗೆ ಹೋಗಿ ಕೂತ್ಕೋಮ್ಮ," ಎಂದು ಓದುವ ಕೋಣೆಯತ್ತ ಕೈತೋರಿಸಿ, ಅಡುಗೆಮನೆಗೆ ಕೂಗು ಹಾಕಿದರು: "ಲೋ, ಯಾರೋ ಬಂದಿದಾರೆ ಕಣೋ! ಪಾಪ, ತುಂಬಾ ದಿನದಿಂದ ಕಾಯ್ತಿದ್ರಂತೆ."

ಅಯ್ಯನವರು ಫೋನು ಮುಗಿಸಿ, ಆಗಷ್ಟೇ ತುಂಬಿಸಿದ ಕಪ್ಪಿನ ಮೇಲೆ ಸಾಸರು ಮುಚ್ಚಿ ಹೊರಟರು. ಹೋಗುವಾಗ ಮಲಗುವ ಕೋಣೆಯ ಕಡೆ ತಿರುಗಿ ಕೂಗಿದರು: "ಬೇಜಾರು ಮಾಡ್ಕೋಬೇಡ ಕಣೆ, ನಿನಗೆ ಇನ್ನೊಂದು ಮಾಡ್ತೀನಿ!"

ಓದುವ ಕೋಣೆಯ ಬಾಗಿಲು ತಳ್ಳಿದರೆ, ಬಂದವರು ಕೂರುವ ಕುರ್ಚಿಯಲ್ಲಿ ಹೆಂಡತಿ. ಮಡಿಲಲ್ಲಿ ಕೈ ಜೋಡಿಸಿಕೊಂಡು, ಥೇಟ್ ಸಭೆಯ ಹೆಂಗಸಿನ ಹಾಗೆ.

ಅಯ್ಯನವರಿಗೆ ನಗು ಬಂತು. ಆಕೆಯ ಮುಖ ನೋಡಿದ ಮೇಲೆ ನಿಂತಿತು. ಕಪ್ಪನ್ನು ಅವಳ ಮುಂದಿಟ್ಟರು. ಬಾಗಿಲು ಹಾಕಿದರು. ಯಾರು ಬಂದರೂ ಮಾಡುವ ಹಾಗೆ ಫೋನನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದರು.

"ಹೇಳು," ಅಂದರು. ದನಿ ಸಣ್ಣಗಾಗಿತ್ತು. "ನನಗೇನೂ ಅವಸರ ಇಲ್ಲ."

ಆಕೆ ಹೇಳಿದಳು. ನಿನ್ನೆಯಿಂದ ಬಾಯಲ್ಲೇ ಇಟ್ಟುಕೊಂಡದ್ದನ್ನು ಹೇಳಿ ಮುಗಿಸಲು ನಾಲ್ಕು ಮಾತೂ ಬೇಕಾಗಲಿಲ್ಲ. ಅಯ್ಯನವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ತಮ್ಮ ದಪ್ಪ ಬೆರಳುಗಳನ್ನು ಮುಂದೆ ಹಿಡಿದು ಒಮ್ಮೆ ತಿರುಗಿಸಿ ನೋಡಿಕೊಂಡರು.

"ಜಡೆ ಹೆಣೆಯೋದು ಹೇಗೆ ಅಂತ ಹೇಳ್ಕೊಡ್ತೀಯಾ?"

ಆಕೆಗೆ ಎದೆ ತುಂಬಿ ಬಂತು. ಕಪ್ಪಿಗೆ ಕೈಹಾಕಿದಳು.

ಹೊರಗೆ ಮತ್ತೆ ಗಂಟೆಯಾಯಿತು. ಖಜಾಂಚಿ ಕನ್ನಡಕ ಮರೆತು ಹೋಗಿದ್ದನಂತೆ. ಅತ್ತೆಯ ದನಿ ಖಡಕ್ಕಾಗಿ ಕೇಳಿಸಿತು: "ಕೂತ್ಕೊಳ್ಳಪ್ಪ, ಒಳಗೆ ಯಾರೋ ಇದಾರೆ. ಈಗ ಬಾಗಿಲು ತೆಗೆಯೋ ಹಾಗಿಲ್ಲ."

ಹೆಂಡತಿ ಕಪ್ಪೆತ್ತಿ, ಯಾವಾಗಲೂ ಕುಡಿಯುವ ಹಾಗೆಯೇ ದೊಡ್ಡದೊಂದು ಗುಟುಕು ಕುಡಿದುಬಿಟ್ಟಳು. ನಾಲಿಗೆ ಚುರ್ರೆಂದಿತು. ಕಣ್ಣಲ್ಲಿ ನೀರು ಚಿಮ್ಮಿತು.

"ಅಯ್ಯೋ, ನಿಧಾನ! ಬಿಸಿ ಇದೆ ಕಣೆ!"

ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ ಅಂದಳು:

"ಬಿಸಿ ಇರುತ್ತೆ ಅಂತ ನನಗೇನ್ರೀ ಗೊತ್ತು?"